ಸಣ್ಣದು ಬಿಡು, ನಡಿ ನಡಿ...

ಬ್ಲಾಗ್ ಕಡೆ ತಲೆ ಹಾಕಿ ಬಹಳ ದಿನ ಆಯ್ತು. ಕೆಲಸದ ಒತ್ತಡ, ರಿಲೀಸು, ಅದು ಇದು ಅಂತ ನೆಪ ಹೇಳಬಹುದು. ನಿಜ ಏನಂದ್ರೆ ಒಂದು ವಿಷಯ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಅದನ್ನು ಬರೆಯದೆ ಬೇರೆ ಏನು ಬರೆದರೂ ಸುಳ್ಳು ಅನಿಸುತ್ತಿತ್ತು. ಬರೆದರೆ ನೀವೆಲ್ಲ ಏನಂದುಕೊಳ್ತೀರೋ ಅನ್ನೋ ಅಳುಕು ಬೇರೆ. ಇವತ್ತು ಬರೆದೇ ಬಿಡ್ತೀನಿ. ಬೈಯೋದಿದ್ದರೆ ಕೆಳಗೆ ಕಮೆಂಟಿನಲ್ಲಿ ಜಾಗ ಇದೆ :)

ನಮ್ಮೂರು ರೋಣದ ಹತ್ತಿರದ ಒಂದು ಹಳ್ಳಿ. ಹೋದ ಸಲ ಗಣೇಶ ಚೌತಿಗೆ ಬೆಂಗಳೂರಿನಿಂದ ನನ್ನ ಸೆಕೆಂಡ್ ಹ್ಯಾಂಡ್ ಕಾರನ್ನು ನಾನೇ ಓಡಿಸಿಕೊಂಡು ಹೋಗಿದ್ದೆ. ಹಬ್ಬದ ಮರುದಿನ ಕಾಕಾನನ್ನು ಕೂಡಿಸಿಕೊಂಡು ಗಜೇಂದ್ರಗಡದ ಬೀಗರ ಮನೆಗೆ ಹೋಗಿ, ಸಂಜೆ ಆರರ ಸುಮಾರಿಗೆ ರೋಣದ ಕಡೆ ವಾಪಸ್ ಬರ್ತಾ ಇದ್ದೆ. ಹಿಂದೆ ಗುಡ್ಡದ ಮೇಲೆ ಗಾಳಿಯಂತ್ರಗಳು, ಎದುರಿಗೆ ಕಣ್ಣಿಗೆ ಹೊಡೆಯೋ ಸೂರ್ಯ.

ಅದು ಹೆಸರು ಕಿತ್ತು ರಾಶಿ ಮಾಡೋ ಕಾಲ. ಮೊದಲಿನ ಹಾಗೆ ಪ್ರತಿ ಹೊಲದಲ್ಲೂ ಕಣ ಮಾಡೋರು ಈಗ ಕಡಿಮೆ. ಡಾಂಬರು ರಸ್ತೆಯೇ ಕಣ. ಬಳ್ಳಿ ಹರವಿದ ಕಡೆ ಗಾಡಿಗಳು ಹಾಯಲಿ ಅಂತ ಬಿಟ್ಟಿರ್ತಾರೆ, ಕಾಳು ಒಣ ಹಾಕಿದ ಕಡೆ ಯಾರೂ ಹಾಯದಿರಲಿ ಅಂತ ಅಂಚಿಗೆ ಕಲ್ಲು ಇಟ್ಟಿರ್ತಾರೆ. ಆ ಕಡೆಯಿಂದ ಒಬ್ಬರು ಟಿವಿಎಸ್ ಎಕ್ಸ್‌ಎಲ್ ಮೇಲೆ ಹಿಂದೆ ಮೇವಿನ ಹೊರೆ ಕಟ್ಟಿಕೊಂಡು ಬರ್ತಿದ್ರು. ಕಲ್ಲು ತಪ್ಪಿಸಲಿಕ್ಕೆ ನಾನು ಬಲಕ್ಕೆ ಎಳೆದೆ. ಟಪ್ ಅಂತ ಸದ್ದಾಯ್ತು. ಬಲಗಡೆಯ ಕನ್ನಡಿ ಮಡಚಿಕೊಂಡಿತು. ಒಳಗಿನ ಕನ್ನಡಿಯಲ್ಲಿ ನೋಡಿದರೆ ಗಾಡಿ ಅಡ್ಡ ಬಿದ್ದಿತ್ತು, ಆ ಮನುಷ್ಯ ಏಳ್ತಾ ಇದ್ರು.

ಕಾಕಾ ಒಂದೇ ಸಮ, “ನಿಂದ್ರಬ್ಯಾಡ, ನಡಿ ನಡಿ! ಸಣ್ಣದೈತಿ ಬಿಡು. ಎದ್ದಾನ ನೋಡ ಅಂವ. ಮಂದಿ ಕೂಡಿದ್ರ ನಮ್ಮನ್ನ ಬಿಡೂದಿಲ್ಲ.”

ನಾನು ನಿಲ್ಲಿಸಲಿಲ್ಲ.

ಇಷ್ಟೇ ಕಥೆ. ಯಾರೂ ಸಾಯಲಿಲ್ಲ, ರಕ್ತ ಹರಿಯಲಿಲ್ಲ, ಪೇಪರಿನಲ್ಲಿ ಬರಲಿಲ್ಲ. ಇಂಥದ್ದು ದಿನಾ ಎಷ್ಟಾಗ್ತವೋ. ಅದಕ್ಕೇ ಇದರ ಬಗ್ಗೆ ಬರೀಬೇಕು ಅನಿಸಿದ್ದು. ದೊಡ್ಡ ಅಪಘಾತದ ಬಗ್ಗೆ ಎಲ್ಲರೂ ಮಾತಾಡ್ತಾರೆ. ಸಣ್ಣದಕ್ಕೆ ನಮ್ಮೆಲ್ಲರ ಹತ್ತಿರ ಒಂದೇ ಮಂತ್ರ... “ನಡಿ ನಡಿ.”

ಮನೆ ಮುಟ್ಟಿದ ಮೇಲೆ ಅಪ್ಪ ಕನ್ನಡಿ ನೋಡಿ ಏನಾಯ್ತು ಅಂದ್ರು. ಕಾಕಾನೇ ಎಲ್ಲ ಹೇಳಿದ. ಅಪ್ಪ ನನ್ನ ಕಡೆ ತಿರುಗಿ, “ಬಿದ್ದವರ ಹೆಸರೇನು?” ಅಂದ್ರು.

“ಗೊತ್ತಿಲ್ಲ.”

“ಮತ್ತ ನಿನ್ನ ಹೆಸರರ ಹೇಳಿ ಬಂದಿ?”

“ಇಲ್ಲಪ್ಪಾ.”

ಅವರು ಮುಂದೆ ಏನೂ ಅನ್ನಲಿಲ್ಲ. ಕೈ ತೊಳೆದು ಊಟಕ್ಕೆ ಕೂತರು. ನನಗೆ ಊಟ ಇಳಿಯಲಿಲ್ಲ. ರಾತ್ರಿ ಮಾಳಿಗೆ ಮೇಲೆ ಮಲಗಿ ಮೊಬೈಲಿನಲ್ಲಿ ಮೋಟಾರು ವಾಹನ ಕಾಯ್ದೆ ತೆಗೆದು ಓದಿದೆ. ಲೈಸೆನ್ಸು ತಗೊಂಡು ಎಂಟು ವರ್ಷ ಆದಮೇಲೆ ಮೊದಲ ಸಲ! ಸಾಫ್ಟ್‌ವೇರಿನವರ ಹಣೆಬರಹ ಇದೇ, ಎಲ್ಲ ಮುರಿದ ಮೇಲೆ ಮ್ಯಾನ್ಯುಯಲ್ ಓದೋದು.

(ನಾನು ವಕೀಲ ಅಲ್ಲ. ಓದಿ ತಿಳಿದುಕೊಂಡದ್ದನ್ನು ಬರೀತಿದ್ದೀನಿ. ತಪ್ಪಿದ್ದರೆ ಬಲ್ಲವರು ತಿದ್ದಿ.)

1988ರ ಮೋಟಾರು ವಾಹನ ಕಾಯ್ದೆಯಲ್ಲಿ ನಮ್ಮಂಥವರಿಗಾಗಿಯೇ ಬರೆದಂತಿರೋ ಕಲಂಗಳು ಮೂರು. 132, 134 ಮತ್ತು 187.

132 ಹೇಳೋದು ಗಾಡಿ ನಿಲ್ಲಿಸೋ ವಿಷಯ. ಅಪಘಾತದಿಂದ ತೊಂದರೆಯಾದವರು ತಮ್ಮ ಹೆಸರು ವಿಳಾಸ ಹೇಳಿ ಕೇಳಿದರೆ, ಚಾಲಕ ತನ್ನ ಹೆಸರು ವಿಳಾಸ, ಗಾಡಿ ಮಾಲೀಕನ ಹೆಸರು ವಿಳಾಸ ಕೊಡಬೇಕು. ಓದಿ ಎದ್ದು ಕೂತೆ. ಅಪ್ಪ ಊಟಕ್ಕೆ ಮೊದಲು ಕೇಳಿದ್ದು ಇದನ್ನೇ ಅಲ್ವಾ! ಅವರು ಯಾವ ಕಾಯ್ದೆಯನ್ನೂ ಓದಿದವರಲ್ಲ.

ಅದೇ 132ರಲ್ಲಿ ಇನ್ನೊಂದು ಸೊಗಸಾದ ಮಾತಿದೆ. ದನವೋ ಎತ್ತೋ ಹೊಡೆದುಕೊಂಡು ಹೋಗ್ತಿರೋನು ನಿಮ್ಮ ಗಾಡಿಗೆ ಅದು ಬೆದರಬಹುದು ಅಂತ ಅನಿಸಿ ಕೈ ಮಾಡಿದರೆ, ನೀವು ನಿಲ್ಲಿಸಬೇಕು. ನಮ್ಮ ಕಡೆ ಚಕ್ಕಡಿಯವರು ಕೈ ಮಾಡಿದಾಗ ನಾವು ಹಾರ್ನು ಹೊಡೀತೀವಿ. ಕಾಯ್ದೆ ಚಕ್ಕಡಿಯವನ ಪರ ಇದೆ. ಪ್ರಾಣಿ ಅಂದ್ರೆ ಯಾವುದು ಅಂತಲೂ ಪಟ್ಟಿ ಇದೆ: ಕುದುರೆ, ದನಕರು, ಆನೆ, ಒಂಟೆ, ಕತ್ತೆ, ಹೇಸರಗತ್ತೆ, ಕುರಿ, ಆಡು. ನಾಯಿ ಇಲ್ಲ! ಬ್ರಿಟನ್ನಿನ ರಸ್ತೆ ಕಾಯ್ದೆಯೂ 1988ರದ್ದೇ. ಅದರ 170ನೇ ಕಲಮಿನ ಪಟ್ಟಿಯಲ್ಲಿ ನಾಯಿ, ಹಂದಿ ಎರಡೂ ಇವೆ. ಆನೆ, ಒಂಟೆ ಇಲ್ಲ. ಯಾವ ದೇಶದವರು ರಸ್ತೆಯಲ್ಲಿ ಏನನ್ನು ನೋಡ್ತಾರೋ ಅದು ಅವರ ಕಾಯ್ದೆಯಲ್ಲಿ ಬರುತ್ತೆ ಅನ್ನಿ. ಆದರೆ ಎರಡರಲ್ಲೂ ಒಂದು ಅಂಕಿ ಒಂದೇ ಇದೆ, 24 ಗಂಟೆ.

ಅದು ಬರೋದು ನಮ್ಮ 134ನೇ ಕಲಮಿನಲ್ಲಿ. ಯಾರಿಗಾದರೂ ಗಾಯ ಆದರೆ, ಅಥವಾ ಬೇರೆಯವರ ಆಸ್ತಿಗೆ ಹಾನಿ ಆದರೆ, ಚಾಲಕ ಮಾಡಬೇಕಾದದ್ದು ಮೂರು ಕೆಲಸ.

1. ಗಾಯ ಆದವರನ್ನು ಹತ್ತಿರದ ಡಾಕ್ಟರು ಅಥವಾ ಆಸ್ಪತ್ರೆಗೆ ಮುಟ್ಟಿಸಿ ಚಿಕಿತ್ಸೆ ಸಿಗೋ ಹಾಗೆ ನೋಡಿಕೊಳ್ಳಬೇಕು. (ಕಾಗದ ಪತ್ರ ಅಂತ ಕಾಯಿಸದೆ ತಕ್ಷಣ ಚಿಕಿತ್ಸೆ ಕೊಡೋದು ಡಾಕ್ಟರ ಕರ್ತವ್ಯ ಅಂತಲೂ ಅಲ್ಲೇ ಬರೆದಿದೆ.)

2. ಪೊಲೀಸರು ಕೇಳಿದ ಮಾಹಿತಿ ಕೊಡಬೇಕು. ಸ್ಥಳದಲ್ಲಿ ಪೊಲೀಸರು ಇಲ್ಲದಿದ್ದರೆ ಹತ್ತಿರದ ಠಾಣೆಗೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ಹೋಗಿ ನಡೆದದ್ದನ್ನು ಹೇಳಬೇಕು. ಗಾಯಾಳುವಿಗೆ ನೆರವಾಗಲು ಆಗದಿದ್ದರೆ ಯಾಕೆ ಆಗಲಿಲ್ಲ ಅನ್ನೋದನ್ನೂ ಹೇಳಬೇಕು.

3. ವಿಮೆ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಬೇಕು. ಪಾಲಿಸಿ ನಂಬರು, ಅಪಘಾತದ ದಿನ, ಹೊತ್ತು, ಜಾಗ, ಗಾಯ ಆದವರ ವಿವರ, ಚಾಲಕನ ಹೆಸರು, ಲೈಸೆನ್ಸು.

ಇವನ್ನು ಮಾಡದಿದ್ದರೆ 187ನೇ ಕಲಂ. ಮೊದಲು 3 ತಿಂಗಳವರೆಗೆ ಸೆರೆ ಅಥವಾ 500 ರೂಪಾಯಿವರೆಗೆ ದಂಡ ಅಥವಾ ಎರಡೂ ಇತ್ತು. 2019ರ ತಿದ್ದುಪಡಿಯಲ್ಲಿ ಅದು 6 ತಿಂಗಳು, 5,000 ರೂಪಾಯಿ ಆಯ್ತು. ಎರಡನೇ ಸಲ ಸಿಕ್ಕಿಬಿದ್ದರೆ 1 ವರ್ಷ, 10,000.

ಗಮನಿಸಿ, 134ರಲ್ಲಿ ತಪ್ಪು ಯಾರದು ಅನ್ನೋ ಮಾತೇ ಇಲ್ಲ. ಅಪಘಾತದಲ್ಲಿ ನಿಮ್ಮ ಗಾಡಿ ಇದ್ದರೆ ಸಾಕು. ಅಂದ್ರೆ ನಿಲ್ಲೋದು ತಪ್ಪು ಒಪ್ಪಿಕೊಂಡ ಹಾಗೆ ಅಲ್ಲ. ನಾವು ತಿಳಿದಿರೋದು ಇದಕ್ಕೆ ಉಲ್ಟಾ. “ನಿಂತರೆ ನಮ್ಮದೇ ತಪ್ಪು ಅಂತಾರೆ” ಅಂತ ಓಡ್ತೀವಿ. ಓಡಿದ ಮೇಲೆ ತಪ್ಪು ನಮ್ಮದಲ್ಲದಿದ್ದರೂ ಓಡಿದ್ದು ಮಾತ್ರ ನಮ್ಮದೇ ತಪ್ಪಾಗಿ ಉಳಿಯುತ್ತೆ. ಅದಕ್ಕೆ ಸಾಕ್ಷಿ ಬೇರೆ ಬೇಡ.

ಇನ್ನು ಕಾಕಾನ ಮಾತಿಗೆ ಬರೋಣ. ಮಂದಿ ಕೂಡಿದ್ರ ಬಿಡೂದಿಲ್ಲ. ಇದನ್ನು ನಾನು ತಳ್ಳಿಹಾಕೋದಿಲ್ಲ. ರೋಷದಲ್ಲಿ ಚಾಲಕನನ್ನು ಹೊಡೆದದ್ದು, ಗಾಡಿಗೆ ಬೆಂಕಿ ಹಚ್ಚಿದ್ದು ನಾವೆಲ್ಲ ಕೇಳಿದ್ದೇವೆ. ವಿಚಿತ್ರ ಅಂದ್ರೆ ಕಾಯ್ದೆ ಬರೆದವರೂ ಕೇಳಿದ್ದಾರೆ. 134ರಲ್ಲೇ ಜನರ ರೋಷ ಅಥವಾ ಕೈಮೀರಿದ ಬೇರೆ ಕಾರಣದಿಂದ ಸಾಧ್ಯವಾಗದಿದ್ದರೆ ಹೊರತು ಅಂತ ವಿನಾಯಿತಿ ಇದೆ. ಆದರೆ ಈ ವಿನಾಯಿತಿ ಗಾಯಾಳುವನ್ನು ಆಸ್ಪತ್ರೆಗೆ ಮುಟ್ಟಿಸೋ ಮೊದಲ ಕೆಲಸಕ್ಕೆ ಮಾತ್ರ. ಠಾಣೆಗೆ ಹೋಗೋದಕ್ಕೆ ಇಲ್ಲ. ಜೀವಭಯ ಇದ್ದರೆ ಜಾಗ ಬಿಡಬಹುದು, ಆದರೆ ಅಲ್ಲಿಂದ ಹೋಗಬೇಕಾದದ್ದು ಠಾಣೆಗೆ, ಮನೆಗಲ್ಲ.

ನನಗೆ ಆ ವಿನಾಯಿತಿಯೂ ಸಿಗೋ ಹಾಗಿರಲಿಲ್ಲ. ಯಾಕಂದ್ರೆ ಅಲ್ಲಿ ಮಂದಿಯೇ ಇರಲಿಲ್ಲ! ರಸ್ತೆ ಮೇಲೆ ಇದ್ದದ್ದು ಒಬ್ಬ ಬಿದ್ದ ಮನುಷ್ಯ, ಒಂದಿಷ್ಟು ಹೆಸರುಕಾಳು. ಬರಬಹುದಾದ ಮಂದಿಗೆ ಹೆದರಿ ಇದ್ದ ಒಬ್ಬರನ್ನು ಬಿಟ್ಟು ಬಂದಿದ್ದೆ.

ಮರುದಿನ ಬೆಳಿಗ್ಗೆ ಅಪ್ಪ ನಾನು ಇಬ್ಬರೂ ಠಾಣೆಗೆ ಹೋದ್ವಿ. ಅಲ್ಲಿದ್ದ ಹೆಡ್ ಕಾನ್‌ಸ್ಟೇಬಲ್ ಎಲ್ಲ ಕೇಳಿ, “ಕಂಪ್ಲೇಂಟ್ ಯಾರೂ ಕೊಟ್ಟಿಲ್ಲಲ್ರೀ. ನೀವ್ಯಾಕ ಬಂದ್ರಿ?” ಅಂದ್ರು. ಅದು ವ್ಯಂಗ್ಯ ಅಲ್ಲ, ಅವರಿಗೆ ನಿಜಕ್ಕೂ ಆಶ್ಚರ್ಯ ಆಗಿತ್ತು. ಬರೆದು ಕೊಟ್ಟೆ, ಪ್ರತಿಯ ಮೇಲೆ ಸಹಿ ಸೀಲು ಹಾಕಿಸಿಕೊಂಡೆ. ಅಲ್ಲಿಂದ ಆ ರಸ್ತೆಗೆ ಹೋದ್ವಿ. ಕಾಳು ಒಣ ಹಾಕಿದ್ದವರನ್ನು ಕೇಳಿದರೆ ಎರಡೇ ನಿಮಿಷದಲ್ಲಿ ಬಿದ್ದವರ ಮನೆ ಸಿಕ್ಕಿತು. ಹಳ್ಳಿಯಲ್ಲಿ ಯಾರು ಬಿದ್ದರು ಅನ್ನೋದು ಎಲ್ಲರಿಗೂ ಗೊತ್ತು, ಬೀಳಿಸಿದವರು ಯಾರು ಅನ್ನೋದಷ್ಟೇ ಗೊತ್ತಿರೋದಿಲ್ಲ.

ಅಜ್ಜಾರು ಕಟ್ಟೆ ಮೇಲೆ ಕೂತಿದ್ರು. ಬಲಗೈ ಮುಂಗೈಗೆ ಪಟ್ಟಿ. ಎಕ್ಸ್‌ರೇ ತೆಗೆಸಿದ್ರಂತೆ, ಮೂಳೆಗೆ ಏನೂ ಆಗಿಲ್ಲ, ಆದರೆ ಹತ್ತು ದಿನ ಕೈಗೆ ಕೆಲಸ ಕೊಡಬೇಡಿ ಅಂದಿದ್ದಾರೆ ಡಾಕ್ಟರು. ರಾಶಿ ಕಾಲದಲ್ಲಿ ಹತ್ತು ದಿನ! ನಾನು ಯಾರು ಅಂತ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನೆ ನೋಡಿದ್ರು.

“ಬಿದ್ದದ್ದು ಏನ್ ದೊಡ್ಡ ಮಾತಲ್ಲೋ ತಮ್ಮಾ. ಎದ್ದು ನಿಂತು, ನಿಂದ್ರತೈತಿ ನಿಂದ್ರತೈತಿ ಅಂತ ನಿನ್ನ ಗಾಡೀನ ನೋಡ್ಕೋತ ನಿಂತಿದ್ದೆ. ತಿರುವಿನ್ಯಾಗ ಮರಿಯಾತು.”

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಆಸ್ಪತ್ರೆಯಲ್ಲಿ ಏನು ಹೇಳಿದ್ರಿ ಅಂತ ಕೇಳಿದೆ. “ಗಾಡಿ ಜಾರಿ ಬಿದ್ದೆ ಅಂದೆ. ಇಲ್ಲಂದ್ರ ಪೊಲೀಸ್ ಕೇಸ್ ಅಂತಾರ, ಅದೆಲ್ಲಿ ರಗಳಿ.” ಇಲ್ಲಿ ಸ್ವಲ್ಪ ನಿಲ್ಲಿ. ಈ ಒಂದು ಮಾತಿನ ಬೆಲೆ ಏನು ಅಂತ ಆಮೇಲೆ ನನಗೆ ತಿಳೀತು.

ರಸ್ತೆ ಮೇಲೆ ಓಡೋ ಪ್ರತಿ ಗಾಡಿಗೂ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ಅದೇ ಕಾಯ್ದೆಯ 146ನೇ ಕಲಂ ಪ್ರಕಾರ. ನಾವು ಪ್ರತಿ ವರ್ಷ ಗೊಣಗುತ್ತಾ ಕಟ್ಟೋ ಆ ದುಡ್ಡು ನಮಗಾಗಿ ಅಲ್ಲ, ನಮ್ಮ ಗಾಡಿಯಿಂದ ಪೆಟ್ಟು ತಿಂದವರಿಗಾಗಿ. ಗಾಯ ಸಣ್ಣದಿದ್ದರೂ ಅಪಘಾತ ಪರಿಹಾರದ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಆಸ್ಪತ್ರೆ ಖರ್ಚು, ಹೋದ ಕೂಲಿ, ಗಾಡಿ ರಿಪೇರಿ ಎಲ್ಲ ಕೇಳಬಹುದು. ಆದರೆ ಯಾರ ವಿಮೆ ಕಂಪನಿಯಿಂದ ಕೇಳೋದು? ಗಾಡಿ ಯಾವುದು ಅಂತ ಗೊತ್ತಿದ್ದರೆ ತಾನೇ! ಆಸ್ಪತ್ರೆಯ ಕಾಗದದಲ್ಲಿ ‘ತಾನೇ ಬಿದ್ದದ್ದು’ ಅಂತ ಬರೆದಿದ್ದರೆ ವಿಮೆಯವರು ಅದನ್ನೇ ಹಿಡಿದು ವಾದ ಮಾಡ್ತಾರೆ.

ಹಾಗಾದರೆ ಗುದ್ದಿ ಓಡಿದ ಗಾಡಿ ಸಿಗದಿದ್ದರೆ ಸರ್ಕಾರ ಏನೂ ಕೊಡೋದಿಲ್ವಾ? ಕೊಡುತ್ತೆ. 161ನೇ ಕಲಮಿನಲ್ಲಿ ಅದಕ್ಕೊಂದು ಯೋಜನೆ ಇದೆ. ಮೊದಲು ಸತ್ತರೆ 25,000, ಭಾರೀ ಗಾಯ ಆದರೆ 12,500 ಇತ್ತು. 2022ರ ಏಪ್ರಿಲ್ 1ರಿಂದ ಅದು 2 ಲಕ್ಷ ಮತ್ತು 50,000 ಆಗಿದೆ. ಅರ್ಜಿ ಹಾಕಲಿಕ್ಕೆ ಬೆಂಗಳೂರಿಗೆ ಓಡಬೇಕಾಗಿಲ್ಲ. ಉಪವಿಭಾಗಾಧಿಕಾರಿ, ತಹಶೀಲ್ದಾರರ ಮಟ್ಟದಲ್ಲೇ ವಿಚಾರಣೆ. ರೋಣ, ನರಗುಂದ, ಗಜೇಂದ್ರಗಡ ಮೂರೂ ಕಡೆ ತಹಶೀಲ್ದಾರರ ಕಚೇರಿ ಇದೆ. ಈ ವಿಷಯ ನಮ್ಮ ಹಳ್ಳಿಗಳಲ್ಲಿ ನಾನು ಕೇಳಿದ ಒಬ್ಬರಿಗೂ ಗೊತ್ತಿರಲಿಲ್ಲ. ನರಗುಂದದ ಮೂಲಕ ಹಾಯೋ ಹುಬ್ಬಳ್ಳಿ-ವಿಜಯಪುರ ಹೆದ್ದಾರಿಯಲ್ಲಿ ಎಲ್ಲೆಲ್ಲಿಯದೋ ಗಾಡಿಗಳು ಓಡಾಡ್ತವೆ, ಗುದ್ದಿ ಹೋದರೆ ನಂಬರು ಕೂಡ ಸಿಗೋದಿಲ್ಲ. ಅಲ್ಲಿ ನಿಮ್ಮವರು ಯಾರಾದರೂ ಇದ್ದರೆ ದಯವಿಟ್ಟು ಇದನ್ನು ತಿಳಿಸಿ.

ಆದರೆ ಆ ಯೋಜನೆಯ ಎರಡು ಮಾತು ನೋಡಿ, ಸಾವು ಮತ್ತು ಭಾರೀ ಗಾಯ. ಸಣ್ಣ ಗಾಯಕ್ಕೆ ಒಂದು ರೂಪಾಯಿಯೂ ಇಲ್ಲ. ಅಂದ್ರೆ ದೊಡ್ಡ ಅಪಘಾತ ಮಾಡಿ ಚಾಲಕ ಓಡಿದರೆ ಅವನ ಜಾಗದಲ್ಲಿ ಸರ್ಕಾರವಾದರೂ ಬಂದು ನಿಲ್ಲುತ್ತೆ. ಸಣ್ಣ ಅಪಘಾತ ಮಾಡಿ ಓಡಿದರೆ ಯಾರೂ ಇಲ್ಲ. ಬಿದ್ದವನಿಗೆ ಇರೋನು ಬೀಳಿಸಿದವನೊಬ್ಬನೇ. ‘ಸಣ್ಣದು ಬಿಡು’ ಅಂತ ನಾವು ಹೇಳ್ತೀವಲ್ಲ, ನಾವು ನಿಲ್ಲಲೇಬೇಕಾದದ್ದು ಸಣ್ಣದರಲ್ಲೇ. ನನ್ನ ಈ ಇಡೀ ಬರಹದ ಸಾರ ಇಷ್ಟೇ.

ಮತ್ತೆ ಅದು ಸಣ್ಣದು ಅಂತ ತೀರ್ಮಾನ ಮಾಡಿದವರು ಯಾರು? ನಾನು. ಎಲ್ಲಿಂದ? ಐವತ್ತು ಅರವತ್ತರ ವೇಗದಲ್ಲಿ, ಅಂಗೈ ಅಗಲದ ಕನ್ನಡಿಯಲ್ಲಿ, ಎರಡು ಸೆಕೆಂಡು ನೋಡಿ. ಕಾಯ್ದೆಯ ಲೆಕ್ಕ ಬೇರೆ. ಮೂಳೆ ಬಿರುಕು ಬಿಟ್ಟರೆ ಅದು ಭಾರೀ ಗಾಯ. ಹಲ್ಲು ಮುರಿದರೂ ಭಾರೀ ಗಾಯ. ಹಳೆಯ ದಂಡಸಂಹಿತೆಯಲ್ಲಿ 20 ದಿನ ತನ್ನ ನಿತ್ಯದ ಕೆಲಸ ಮಾಡಲು ಆಗದಂತೆ ಆದರೆ ಭಾರೀ ಅಂತಿತ್ತು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಮಿನಲ್ಲಿ ಅದು 15 ದಿನಕ್ಕೆ ಇಳಿದಿದೆ. ಅಜ್ಜಾರ ಹತ್ತು ದಿನ ಇನ್ನೊಂದು ವಾರ ಮುಂದುವರಿದಿದ್ದರೆ ನನ್ನ ‘ಸಣ್ಣದು’ ಕಾಯ್ದೆ ಪ್ರಕಾರ ಭಾರೀ ಆಗ್ತಿತ್ತು. ಅದೇ ಸಂಹಿತೆಯ 125ನೇ ಕಲಂ ಪ್ರಕಾರ ಅಜಾಗರೂಕತೆಯಿಂದ ಗಾಯ ಮಾಡಿದರೆ 6 ತಿಂಗಳವರೆಗೆ, ಭಾರೀ ಗಾಯ ಮಾಡಿದರೆ 3 ವರ್ಷದವರೆಗೆ ಸೆರೆ ಆಗಬಹುದು. ನಿಲ್ಲದೆ ಹೋದವನಿಗೆ ತಾನು ಮಾಡಿದ್ದು ಎರಡರಲ್ಲಿ ಯಾವುದು ಅನ್ನೋದೇ ಗೊತ್ತಿರೋದಿಲ್ಲ.

2024ರ ಜನವರಿ ಮೊದಲ ಎರಡು ದಿನ ನೆನಪಿದೆಯಾ? ಲಾರಿ ಚಾಲಕರು ಮುಷ್ಕರ ಮಾಡಿ ಎಷ್ಟೋ ಊರುಗಳಲ್ಲಿ ಪೆಟ್ರೋಲ್ ಬಂಕಿನ ಮುಂದೆ ಸಾಲು ನಿಂತಿತ್ತು. ಜಗಳ ಇದ್ದದ್ದು ಹೊಸ ಸಂಹಿತೆಯ 106(2)ರ ಬಗ್ಗೆ. ಅಜಾಗರೂಕತೆಯಿಂದ ಗಾಡಿ ಓಡಿಸಿ ಸಾವಿಗೆ ಕಾರಣನಾಗಿ, ಪೊಲೀಸರಿಗಾಗಲಿ ಮ್ಯಾಜಿಸ್ಟ್ರೇಟರಿಗಾಗಲಿ ತಿಳಿಸದೆ ಓಡಿದರೆ 10 ವರ್ಷದವರೆಗೆ ಸೆರೆ. ವಾಟ್ಸಾಪಿನಲ್ಲಿ 7 ಲಕ್ಷ ದಂಡ ಅಂತಲೂ ಹರಿದಾಡಿತು, ಕಲಮಿನಲ್ಲಿ ಅಂಥ ಮೊತ್ತವೇ ಇಲ್ಲ. ಕೊನೆಗೆ ಜುಲೈ 1ಕ್ಕೆ ಸಂಹಿತೆ ಜಾರಿಗೆ ಬಂದಾಗ ಈ ಒಂದು ಉಪಕಲಮನ್ನು ಮಾತ್ರ ಜಾರಿ ಮಾಡದೆ ತಡೆಹಿಡಿದರು. ಚಾಲಕರು ಹೇಳಿದ್ದು ಕಾಕಾ ಹೇಳಿದ್ದನ್ನೇ: ನಿಂತರೆ ಮಂದಿ ಹೊಡೀತಾರೆ, ಓಡಿದರೆ ಸರ್ಕಾರ ಹೊಡೆಯುತ್ತೆ. ದುಡಿದು ತಿನ್ನೋ ಚಾಲಕನ ಆ ಭಯ ನನಗೆ ಅರ್ಥ ಆಗುತ್ತೆ. ಆದರೆ ಆಗ ನಡೆದ ಇಷ್ಟೊಂದು ಚರ್ಚೆಯಲ್ಲಿ 134ನೇ ಕಲಂ 1988ರಿಂದಲೇ ಇದೆ, 24 ಗಂಟೆ ಸಮಯವೂ ಇದೆ, ರೋಷಕ್ಕೆ ವಿನಾಯಿತಿಯೂ ಇದೆ ಅನ್ನೋದನ್ನು ನಾನು ಕೇಳಿದ್ದು ಬಹಳ ಕಡಿಮೆ. ಹತ್ತು ವರ್ಷದ ಶಿಕ್ಷೆ ಬಗ್ಗೆ ದೇಶವೆಲ್ಲ ಮಾತಾಡಿತು, ಮಾಡಬೇಕಾದ ಮೂರು ಕೆಲಸದ ಬಗ್ಗೆ ಯಾರೂ ಮಾತಾಡಲಿಲ್ಲ.

ತಪ್ಪು ಚಾಲಕರದ್ದು ಮಾತ್ರ ಅಂತಲೂ ನಾನು ಹೇಳೋದಿಲ್ಲ. ರಸ್ತೆ ಮೇಲೆ ಕಲ್ಲಿಟ್ಟು ಕಾಳು ಒಣಗಿಸೋದು ಸರಿಯಲ್ಲ, ರೈತನ ಮಗನಾಗಿಯೇ ಇದನ್ನು ಹೇಳ್ತೀನಿ. ಸಂಜೆ ಹೊತ್ತಿಗೆ ಆ ಕಲ್ಲು ಕಾಣೋದೇ ಇಲ್ಲ. ಪಂಚಾಯ್ತಿಗೊಂದು ಒಕ್ಕಣೆ ಕಣ ಅಂತ ಸಿಮೆಂಟಿನ ಜಾಗ ಮಾಡಿಕೊಟ್ಟರೆ ಎಷ್ಟೋ ಕೈಕಾಲು ಉಳಿತವೆ. ಇನ್ನು ನೋಡೋ ಮಂದಿ. 2017ರಲ್ಲಿ ನಮ್ಮ ಪಕ್ಕದ ಕೊಪ್ಪಳದಲ್ಲಿ ಬಸ್ಸಿಗೆ ಸಿಕ್ಕ 18ರ ಹುಡುಗನೊಬ್ಬ ರಸ್ತೆಯಲ್ಲಿ ನರಳುತ್ತಿದ್ದಾಗ ಸುತ್ತ ನಿಂತವರು ಮೊಬೈಲಿನಲ್ಲಿ ಚಿತ್ರ ತೆಗೀತಿದ್ದರು. ಅದಕ್ಕೆ ಒಂದು ವರ್ಷ ಮೊದಲೇ, 2016ರ ಮಾರ್ಚಿನಲ್ಲಿ, ನೆರವಾದವರನ್ನು ಪೊಲೀಸರು ಆಸ್ಪತ್ರೆಯವರು ಕಾಡಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿಯಾಗಿತ್ತು. ಕರ್ನಾಟಕದಲ್ಲಿ ಅದಕ್ಕೆಂದೇ ಕಾಯ್ದೆಯೂ ಆಯ್ತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಅಂತ ಸೇರಿತು. ಆದರೂ ಭಯ ಹೋಗಿಲ್ಲ. ಗುದ್ದಿದವನಿಗೆ ಮಂದಿ ಭಯ, ಮಂದಿಗೆ ಪೊಲೀಸ್ ಭಯ, ಬಿದ್ದವನಿಗೆ ಕೇಸಿನ ಭಯ. ಮೂವರೂ ಒಬ್ಬರಿಗೊಬ್ಬರು ಹೆದರಿ ಸುಳ್ಳು ಹೇಳ್ತಾರೆ, ನಷ್ಟ ಮಾತ್ರ ಬಿದ್ದವನಿಗೇ.

ಬೆಂಗಳೂರಿನಲ್ಲಾದರೆ ಇನ್ನೊಂದು ಪದ್ಧತಿ ಇದೆ. ಇಬ್ಬರೂ ಇಳಿದು ಐದು ನಿಮಿಷ ಕೂಗಾಡಿ, ಎರಡು ಸಾವಿರವೋ ಮೂರು ಸಾವಿರವೋ ಕೊಟ್ಟು ಹೋಗೋದು. ಅದೂ ಅಪಾಯವೇ. ಪಾಲಿಸಿ ಕಾಗದದ ಷರತ್ತು ಓದಿ ನೋಡಿ, ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ತಪ್ಪು ಒಪ್ಪಿಕೊಳ್ಳೋ ಹಾಗಿಲ್ಲ, ದುಡ್ಡು ಕೊಡ್ತೀನಿ ಅನ್ನೋ ಹಾಗಿಲ್ಲ ಅಂತ ಇರುತ್ತೆ. ಹೆಸರು ನಂಬರು ಬರೆದುಕೊಳ್ಳದೆ ಕೈಗೆ ದುಡ್ಡಿಟ್ಟು ಹೋದವನ ಮೇಲೆ ಮರುದಿನ ‘ಗುದ್ದಿ ಓಡಿದ’ ಅಂತ ದೂರು ಬಂದರೆ ಅಲ್ಲ ಅನ್ನಲಿಕ್ಕೆ ಏನು ಆಧಾರ?

ನನ್ನದು ಏನಾಯ್ತು ಅಂತ ಕೇಳ್ತೀರಿ. ಠಾಣೆಗೆ 24 ಗಂಟೆಯೊಳಗೆ ಹೋಗಿದ್ದೆ, ವಿಮೆ ಕಂಪನಿಗೂ ಬರೆದು ತಿಳಿಸಿದೆ. ಆದರೆ ಮೊದಲ ಕೆಲಸ, ಬಿದ್ದವರನ್ನು ಆಸ್ಪತ್ರೆಗೆ ಮುಟ್ಟಿಸೋದು, ಅದನ್ನು ನಾನು ಮಾಡಿರಲಿಲ್ಲ, ಮತ್ತು ಅದಕ್ಕೆ ಕಾರಣವೂ ಇರಲಿಲ್ಲ. ಪ್ರಕರಣ ಆಯ್ತು. ರಜೆ ಹಾಕಿ ಊರಿಗೆ ಹೋಗಿ, ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡು, ದಂಡ ಕಟ್ಟಿ ಬಂದೆ. ನಾನೇ ಹೋಗಿ ಹೇಳದಿದ್ದರೆ ಇದ್ಯಾವುದೂ ಆಗ್ತಿರಲಿಲ್ಲ ಅಂತ ಕಾಕಾ ಇವತ್ತಿಗೂ ಬೈತಾನೆ. ನಿಜ, ಆಗ್ತಿರಲಿಲ್ಲ. ಅಜ್ಜಾರು ನ್ಯಾಯಮಂಡಳಿಗೆ ಹೋಗೋದು ಬ್ಯಾಡ ಅಂದ್ರು. ಕಂಪನಿಗೆ ತಿಳಿಸಿ, ಎಕ್ಸ್‌ರೇ, ಗಾಡಿ ರಿಪೇರಿ, ಹತ್ತು ದಿನದ ಕೂಲಿ ನಾನೇ ಕೊಟ್ಟು, ಇಬ್ಬರೂ ಕಾಗದಕ್ಕೆ ಸಹಿ ಮಾಡಿದ್ವಿ. ಕೂಲಿ ಲೆಕ್ಕದಲ್ಲಿ ಎರಡು ದಿನ ಹೆಚ್ಚು ಬರೆದಿದ್ದೆ. ಅದನ್ನು ಅಜ್ಜಾರು ಹೊಡೆದು ಹಾಕಿಸಿದ್ರು. “ಹತ್ತಂದ್ರ ಹತ್ತ” ಅಂದ್ರು.

ನಮ್ಮ ಕೆಲಸದಲ್ಲಿ ಒಂದು ಕೆಟ್ಟ ಚಾಳಿ ಇದೆ. ಪ್ರೋಗ್ರಾಮಿನಲ್ಲಿ ಎಲ್ಲೋ ಎರರ್ ಬಂದರೆ ಅದನ್ನು ಹಿಡಿದು, ಎಲ್ಲೂ ದಾಖಲು ಮಾಡದೆ, ಏನೂ ಆಗಿಲ್ಲ ಅನ್ನೋ ಹಾಗೆ ಮುಂದೆ ಹೋಗೋದು. ಹೊರಗಿನಿಂದ ಎಲ್ಲ ಸರಿಯಾಗಿ ಓಡ್ತಿರೋ ಹಾಗೆ ಕಾಣುತ್ತೆ. ಆರು ತಿಂಗಳ ಮೇಲೆ ಯಾರದೋ ಖಾತೆಯಲ್ಲಿ ದುಡ್ಡು ಕಮ್ಮಿ ಬಂದಿರುತ್ತೆ, ಯಾಕೆ ಅಂತ ಯಾರಿಗೂ ಗೊತ್ತಾಗೋದಿಲ್ಲ. ಕೋಡ್ ರಿವ್ಯೂದಲ್ಲಿ ಇಂಥದ್ದನ್ನು ಕಂಡರೆ ಜೂನಿಯರುಗಳಿಗೆ ಅರ್ಧ ಗಂಟೆ ಪಾಠ ಹೇಳೋ ನಾನು, ರಸ್ತೆಯಲ್ಲಿ ಮಾಡಿದ್ದು ಅದನ್ನೇ.

ಹಾಗಾಗಿ ನಿಮ್ಮಲ್ಲಿ ಒಂದು ಕೋರಿಕೆ. ಸಣ್ಣದೇ ಇರಲಿ, ಗಾಡಿ ಪಕ್ಕಕ್ಕೆ ಹಾಕಿ ನಿಲ್ಲಿ. ಇಳಿದು ಕೇಳಿ. ಹೆಸರು, ನಂಬರು, ವಿಮೆ ಕಾಗದದ ಒಂದು ಚಿತ್ರ ಕೊಡಿ, ಅವರದನ್ನೂ ತಗೊಳ್ಳಿ. ಜಾಗದ ನಾಲ್ಕು ಫೋಟೋ ತೆಗೆದುಕೊಳ್ಳಿ. ನೋವಿದ್ದರೆ 108 ಕರೆಯಿರಿ ಅಥವಾ ನೀವೇ ಆಸ್ಪತ್ರೆಗೆ ಕರೆದೊಯ್ಯಿರಿ, ಅಲ್ಲಿ ನಡೆದದ್ದನ್ನು ನಡೆದ ಹಾಗೇ ಬರೆಸಿ. ನಿಜಕ್ಕೂ ಹೊಡೀತಾರೆ ಅನಿಸಿದರೆ 112ಕ್ಕೆ ಫೋನ್ ಮಾಡಿ, ಅಲ್ಲಿಂದ ನೇರ ಠಾಣೆಗೆ ಹೋಗಿ. ಹೆದರಿ ಆಗಲೇ ಓಡಿ ಬಂದಿದ್ದರೆ... ನನ್ನ ಹಾಗೆ... ಇನ್ನೂ 24 ಗಂಟೆ ಇದೆ. ಎದ್ದು ಹೋಗಿ.

ಈಗ ಆ ದಾರಿಯಲ್ಲಿ ಹೋದಾಗೆಲ್ಲ ಅಜ್ಜಾರ ಮನೆ ಮುಂದೆ ಗಾಡಿ ನಿಲ್ಲಿಸ್ತೀನಿ. ಚಹಾ ಕೊಡ್ತಾರೆ. ಮೊನ್ನೆ ಹೋದಾಗ, “ಈಗ ನಿಂದ್ರಸ್ತಿ ನೋಡ” ಅಂತ ನಕ್ಕರು. ನಾನೂ ನಕ್ಕೆ, ಆದರೆ ಒಳಗೆ ಚುಚ್ಚಿತು. ಚುಚ್ಚಲಿ, ಪರವಾಗಿಲ್ಲ.

ನಿಮಗೂ ಇಂಥದ್ದು ಆಗಿದೆಯಾ? ಗುದ್ದಿದವರಾಗಿಯೋ, ಬಿದ್ದವರಾಗಿಯೋ, ನೋಡುತ್ತ ನಿಂತವರಾಗಿಯೋ? ಹೆಸರು ಹಾಕದೆಯಾದರೂ ಸರಿ, ಬರೀರಿ. ವಕೀಲರು ಯಾರಾದರೂ ಓದ್ತಿದ್ದರೆ ಮೇಲಿನ ಕಲಂಗಳಲ್ಲಿ ನಾನು ಎಡವಿದ್ದನ್ನು ತಿದ್ದಿ, ಪೋಸ್ಟಿನಲ್ಲೇ ಸರಿ ಮಾಡ್ತೀನಿ.